ಹಾಡು-ಕುಣಿತ ಕಲಿಸಿದರೆ ಖಿನ್ನತೆ ಹೋಗುತ್ತಾ?

ಪ್ರಶ್ನೆ: ಸರ್, ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಎರಡನೇ ವರ್ಷದ ವಿದ್ಯಾರ್ಥಿನಿ. ಮೂಲನಿವಾಸಿ ಸಮುದಾಯಗಳ ಮಾನಸಿಕ ಆರೋಗ್ಯದ ಬಗ್ಗೆ ಸೆಮಿನಾರ್ ಕೊಡಬೇಕು. ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ಯಾವ ದೇಶದ ಬಗ್ಗೆ ಓದಿದರೂ ಆತ್ಮಹತ್ಯೆ, ಖಿನ್ನತೆ, ಕುಡಿತ ಮೂಲನಿವಾಸಿಗಳಲ್ಲಿ ಜಾಸ್ತಿ ಅಂತಲೇ ಇದೆ. ಅವರು ತಮ್ಮ ಸಂಸ್ಕೃತಿ ಕಳೆದುಕೊಂಡಿದ್ದೇ ಇದಕ್ಕೆ ಕಾರಣ, ಅದನ್ನು ಮತ್ತೆ ಕಲಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಬರೆಯುತ್ತಾರೆ. ನನ್ನ ಸಹಪಾಠಿಯೊಬ್ಬ ಇದನ್ನು ಕೇಳಿ ನಕ್ಕುಬಿಟ್ಟ. ‘ಹಾಡು-ಕುಣಿತ ಕಲಿಸಿದರೆ ಖಿನ್ನತೆ ಹೋಗುತ್ತಾ? ಹಳೆಯದಕ್ಕೆ ಅಂಟಿಕೊಂಡಿರೋದೇ ಸಮಸ್ಯೆ. ಎಲ್ಲರ ಜೊತೆ ಬೆರೆತರೆ ತಾನಾಗಿ ಸರಿಹೋಗುತ್ತೆ’ ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಯಾವುದು ಸರಿ?

ಉತ್ತರ: ನಿಮ್ಮ ಸಹಪಾಠಿ ಗೇಲಿ ಮಾಡಲು ಕೇಳಿರಬಹುದು, ಆದರೆ ಪ್ರಶ್ನೆ ಚೆನ್ನಾಗಿದೆ. ಅದನ್ನೇ ಹಿಡಿದು ಹೊರಡೋಣ.

ಹಾಡು-ಕುಣಿತ ಅಷ್ಟು ಹಗುರದ ವಿಷಯವಾಗಿದ್ದರೆ ಸರ್ಕಾರಗಳು ಅದನ್ನು ನಿಷೇಧಿಸುವ ಉಸಾಬರಿಗೆ ಹೋಗುತ್ತಿರಲಿಲ್ಲ, ಅಲ್ವಾ? ಕೆನಡಾದ ಪಶ್ಚಿಮ ಕರಾವಳಿಯ ಜನರಲ್ಲಿ ‘ಪಾಟ್ಲಾಚ್’ ಅಂತ ಒಂದು ದೊಡ್ಡ ಕೂಟ ಇದೆ. ಮದುವೆ, ಮಗುವಿಗೆ ಹೆಸರಿಡುವುದು, ತೀರಿಕೊಂಡವರನ್ನು ನೆನೆಯುವುದು, ಮನೆತನದ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಎಲ್ಲವೂ ಅಲ್ಲಿ ಹಾಡು, ಕುಣಿತ, ಮಾತುಗಳ ಮೂಲಕ ಆಗುತ್ತದೆ. ಬಂದವರಿಗೆಲ್ಲ ಉಡುಗೊರೆ ಕೊಡುತ್ತಾರೆ. ಉಡುಗೊರೆ ತೆಗೆದುಕೊಂಡವರು ನಡೆದದ್ದಕ್ಕೆ ಸಾಕ್ಷಿ. ಅಂದರೆ ಅದು ಒಂದೇ ಏಟಿಗೆ ನೋಂದಣಿ ಕಚೇರಿಯೂ ಹೌದು, ನ್ಯಾಯಾಲಯವೂ ಹೌದು, ಜಾತ್ರೆಯೂ ಹೌದು.

1885ರಿಂದ 1951ರವರೆಗೆ ಕೆನಡಾದಲ್ಲಿ ಇದು ಅಪರಾಧವಾಗಿತ್ತು. 1921ರ ಕ್ರಿಸ್‌ಮಸ್ ಹೊತ್ತಿಗೆ ವಿಲೇಜ್ ಐಲ್ಯಾಂಡ್ ಅನ್ನುವ ದ್ವೀಪದಲ್ಲಿ ಕದ್ದುಮುಚ್ಚಿ ಒಂದು ದೊಡ್ಡ ಪಾಟ್ಲಾಚ್ ನಡೆಯಿತು. ಸುದ್ದಿ ಹೊರಬಿತ್ತು. 45 ಜನರ ಮೇಲೆ ಕೇಸು ಬಿತ್ತು. ಆರೋಪಗಳೇನು ಗೊತ್ತಾ? ಭಾಷಣ ಮಾಡಿದರು, ಕುಣಿದರು, ಉಡುಗೊರೆ ಹೊತ್ತು ತಂದರು. ಊರಿನವರು ತಮ್ಮ ಮುಖವಾಡ, ತಾಮ್ರದ ಫಲಕಗಳನ್ನೆಲ್ಲ ಒಪ್ಪಿಸಿದರೆ ಜೈಲು ತಪ್ಪುತ್ತದೆ ಅಂತ ಅಧಿಕಾರಿಗಳು ಅಂದರು. ಕೆಲವರು ಒಪ್ಪಿಸಿದರು. ಇಪ್ಪತ್ತರಷ್ಟು ಜನ ಜೈಲಿಗೆ ಹೋದರು. ಮುಖವಾಡಗಳು ಮ್ಯೂಸಿಯಂಗಳ ಪಾಲಾದವು. ದಶಕಗಳ ಕಾಲ ಕೇಳಿ ಕೇಳಿ ಒಂದಷ್ಟು ವಾಪಸ್ ಬಂದವು. 1980ರಲ್ಲಿ ಅಲರ್ಟ್ ಬೇ ಅನ್ನುವ ಊರಲ್ಲಿ ಅವುಗಳಿಗೆ ಒಂದು ಮನೆ ಕಟ್ಟಿದರು. ಅದರ ಹೆಸರು ‘ಉಮಿಸ್ತ’. ಹಿಂದಿನ ಕಾಲದಲ್ಲಿ ಶತ್ರುಗಳು ಹಿಡಿದುಕೊಂಡು ಹೋದವರು ಹೇಗೋ ಬಿಡುಗಡೆಯಾಗಿ ಮನೆಗೆ ಮರಳಿದರೆ, ಅವರಿಗೆ ಉಮಿಸ್ತ ಸಿಕ್ಕಿತು ಅನ್ನುತ್ತಿದ್ದರು.

ಇಷ್ಟು ಹೇಳಿದ್ದು ಯಾಕೆಂದರೆ, ‘ಸಂಸ್ಕೃತಿ ಕಳೆದುಕೊಂಡರು’ ಅನ್ನುವ ಮಾತೇ ನನಗೆ ಸರಿ ಬರುವುದಿಲ್ಲ. ಬಸ್ಸಿನಲ್ಲಿ ಕೊಡೆ ಮರೆತು ಬಂದ ಹಾಗೆ ಯಾರೂ ಭಾಷೆಯನ್ನು, ಹೆಸರನ್ನು ಮರೆತು ಬರುವುದಿಲ್ಲ. ಕಿತ್ತುಕೊಂಡವರು ಇದ್ದರು, ಅದಕ್ಕೆ ಕಾನೂನು ಇತ್ತು, ಬಜೆಟ್ ಇತ್ತು. ನಿಮ್ಮ ಸೆಮಿನಾರ್‌ನಲ್ಲಿ ಈ ಕ್ರಿಯಾಪದವನ್ನು ಬದಲಿಸಿದರೆ ಅರ್ಧ ಕೆಲಸ ಆದ ಹಾಗೆ.

ಇನ್ನು ನೇರ ಉತ್ತರ. ಹಾಡು ಕಲಿಸಿದ ಮಾತ್ರಕ್ಕೆ ಖಿನ್ನತೆ ಹೋಗುವುದಿಲ್ಲ. ಆದರೆ ಯಾವ ಹಾಡು, ಯಾರು ಕಲಿಸಬೇಕು, ಯಾವ ಶಾಲೆಯಲ್ಲಿ, ಯಾವ ಭಾಷೆಯಲ್ಲಿ ಅನ್ನುವುದನ್ನೆಲ್ಲ ಆ ಸಮುದಾಯವೇ ತೀರ್ಮಾನಿಸುವ ಕಡೆ ಯುವಕರ ಸಾವು ಕಡಿಮೆ. ಇದು ನನ್ನ ಆಸೆಯ ಮಾತಲ್ಲ. ಲೆಕ್ಕ ಹಾಕಿ ನೋಡಿದ್ದಾರೆ.

ಲೆಕ್ಕ ಹಾಕಿದವರು ಮನಶ್ಶಾಸ್ತ್ರಜ್ಞರಾದ ಮೈಕೆಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಲೋಂಡ್. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ‘ಫಸ್ಟ್ ನೇಷನ್ಸ್’ ಅಂತ ಕರೆಯುವ ಮೂಲನಿವಾಸಿ ಸಮುದಾಯಗಳು 200ರ ಹತ್ತಿರ ಇವೆ. 1987ರಿಂದ 1992ರವರೆಗೆ ಈ ಸಮುದಾಯಗಳಲ್ಲಿ ಎಷ್ಟು ಯುವಜನರು ಆತ್ಮಹತ್ಯೆ ಮಾಡಿಕೊಂಡರು ಅಂತ ನೋಡಿದರು. ಒಟ್ಟಾರೆ ಸರಾಸರಿ ಗಾಬರಿ ಹುಟ್ಟಿಸುವಂತಿತ್ತು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಇವರು ಸರಾಸರಿಯ ಹತ್ತಿರ ನಿಲ್ಲಲಿಲ್ಲ. ಒಂದೊಂದೇ ಸಮುದಾಯವನ್ನು ಬೇರೆ ಬೇರೆಯಾಗಿ ನೋಡಿದರು. ಅರ್ಧಕ್ಕಿಂತ ಜಾಸ್ತಿ ಸಮುದಾಯಗಳಲ್ಲಿ ಆ ಅವಧಿಯಲ್ಲಿ ಒಬ್ಬ ಯುವಕನೂ, ಒಬ್ಬ ಯುವತಿಯೂ ಹೀಗೆ ಸತ್ತಿರಲಿಲ್ಲ. ಸಾವುಗಳಲ್ಲಿ ಸುಮಾರು ಶೇಕಡಾ 90 ಭಾಗ ಆಗಿದ್ದು ಶೇಕಡಾ 10ರಷ್ಟು ಸಮುದಾಯಗಳಲ್ಲಿ ಮಾತ್ರ.

ಸ್ವಲ್ಪ ನಿಲ್ಲಿ. ‘ಮೂಲನಿವಾಸಿಗಳಲ್ಲಿ ಆತ್ಮಹತ್ಯೆ ಜಾಸ್ತಿ’ ಅನ್ನುವ ವಾಕ್ಯ ಇಲ್ಲಿಗೆ ಬಿದ್ದುಹೋಯಿತು. ಹಾಗೆ ಸತ್ತವರೇ ಇಲ್ಲದ ನೂರಕ್ಕೂ ಹೆಚ್ಚು ಊರುಗಳನ್ನೂ, ಪದೇಪದೇ ಸಾವು ಕಂಡ ಬೆರಳೆಣಿಕೆಯ ಊರುಗಳನ್ನೂ ಕೂಡಿ ಭಾಗಿಸಿದರೆ ಬರುವ ಸಂಖ್ಯೆ ಯಾವ ಊರಿನದೂ ಅಲ್ಲ. ಜಗತ್ತಿನಲ್ಲಿ ಸುಮಾರು 90 ದೇಶಗಳಲ್ಲಿ 47 ಕೋಟಿಗೂ ಹೆಚ್ಚು ಮೂಲನಿವಾಸಿಗಳಿದ್ದಾರೆ. ಅವರೆಲ್ಲರ ಮನಸ್ಸಿನ ಬಗ್ಗೆ ಒಂದೇ ವಾಕ್ಯ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಮುಂದಿನ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಆ ಸಾವಿಲ್ಲದ ಊರುಗಳಲ್ಲಿ ಏನಿತ್ತು? ಚಾಂಡ್ಲರ್, ಲಲೋಂಡ್ ಆರು ಗುರುತು ಇಟ್ಟುಕೊಂಡರು. ಸ್ವಂತ ಆಡಳಿತ ಇದೆಯೇ, ತಮ್ಮ ಜಮೀನಿನ ಹಕ್ಕಿಗಾಗಿ ಸರ್ಕಾರದ ಜೊತೆ ಹೋರಾಡುತ್ತಿದ್ದಾರೆಯೇ, ಶಾಲೆ ಯಾರ ಕೈಯಲ್ಲಿದೆ, ಆರೋಗ್ಯ ಸೇವೆ ಯಾರ ಕೈಯಲ್ಲಿದೆ, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆ ಯಾರದ್ದು, ತಮ್ಮ ಆಚರಣೆಗಳಿಗೆ ಅಂತ ಒಂದು ಜಾಗ ಇದೆಯೇ. ಒಂದೊಂದು ಗುರುತು ಇರುವ ಕಡೆಯೂ ಸಾವು ಕಡಿಮೆ. ಗುರುತುಗಳು ಹೆಚ್ಚಿದಷ್ಟೂ ಇನ್ನೂ ಕಡಿಮೆ. ಆರೂ ಇದ್ದ ಸಮುದಾಯಗಳಲ್ಲಿ ಸೊನ್ನೆ. ಒಂದೂ ಇಲ್ಲದ ಕಡೆ ಅತಿ ಹೆಚ್ಚು. ಮುಂದಿನ ವರ್ಷಗಳ ಅಂಕಿಅಂಶ ತೆಗೆದು ನೋಡಿದಾಗಲೂ ಇದೇ ಚಿತ್ರ ಬಂತು.

ಆರರಲ್ಲಿ ಎಷ್ಟು ‘ಹಾಡು-ಕುಣಿತ’ ಇದೆ ನೋಡಿ. ಕಷ್ಟಪಟ್ಟು ಹುಡುಕಿದರೆ ಒಂದು. ಉಳಿದದ್ದೆಲ್ಲ ಶಾಲೆ, ಆಸ್ಪತ್ರೆ, ಜಮೀನು, ಆಡಳಿತ. ಅಂದರೆ ಸಂಸ್ಕೃತಿ ಅನ್ನುವ ಮಾತಿಗೆ ಈ ಸಂಶೋಧನೆಯಲ್ಲಿ ವೇಷಭೂಷಣ ಅಂತ ಅರ್ಥವೇ ಇಲ್ಲ. ನಮ್ಮ ಬದುಕಿನ ಲಗಾಮು ನಮ್ಮ ಕೈಯಲ್ಲಿದೆಯಾ ಅಂತ ಅರ್ಥ.

ಇದೇ ತಂಡ 2007ರಲ್ಲಿ ಭಾಷೆಯ ಲೆಕ್ಕವನ್ನೂ ಮಾಡಿತು. ಹೆಚ್ಚಿನ ಜನ ತಮ್ಮ ಭಾಷೆಯಲ್ಲಿ ಮಾತಾಡಬಲ್ಲ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ತೀರಾ ಕಡಿಮೆ. ಅರ್ಧಕ್ಕಿಂತ ಕಡಿಮೆ ಜನ ಮಾತಾಡುವ ಕಡೆ ಆ ಪ್ರಮಾಣ ಸುಮಾರು ಆರು ಪಟ್ಟು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ಸಹಪಾಠಿ ಅಲ್ಲೇ ಹಿಡಿಯುತ್ತಾನೆ. ಇವು ಜೊತೆಜೊತೆಗೆ ಕಂಡ ಸಂಗತಿಗಳು. ಒಂದರಿಂದಲೇ ಇನ್ನೊಂದು ಆಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ. ಆರೂ ಗುರುತು ಇದ್ದ ಸಮುದಾಯಗಳು ಕೆಲವೇ ಕೆಲವು. ಮೊದಲೇ ಗಟ್ಟಿಯಾಗಿದ್ದ ಸಮುದಾಯಗಳೇ ಶಾಲೆ, ಆಸ್ಪತ್ರೆಯನ್ನು ತಮ್ಮ ಕೈಗೆ ತೆಗೆದುಕೊಂಡಿರಬಹುದು. ಸೆಮಿನಾರ್‌ನಲ್ಲಿ ಇದನ್ನು ನೀವೇ ಮೊದಲು ಹೇಳಿ.

ಊರಿನ ಶಾಲೆ ಯಾರ ಕೈಯಲ್ಲಿದೆ ಅನ್ನುವುದಕ್ಕೂ ಹದಿನಾರು ವರ್ಷದ ಹುಡುಗನ ರಾತ್ರಿಯ ಯೋಚನೆಗೂ ಏನು ಸಂಬಂಧ? ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ಇರುತ್ತೇನೆ.

ಪಾಠ ಮಾಡುವಾಗ ನಾನು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಐದು ವರ್ಷದ ಹಿಂದಿನ ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯಿರಿ. ಇವತ್ತಿನ ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯಿರಿ. ಈಗ ಹೇಳಿ, ಇವರಿಬ್ಬರೂ ಒಬ್ಬರೇ ಅಂತ ಹೇಗೆ ಹೇಳ್ತೀರಿ? ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಪೆನ್ನು ನಿಲ್ಲುತ್ತದೆ. ಕೊನೆಗೆ ಎರಡು ಬಗೆಯ ಉತ್ತರ ಬರುತ್ತವೆ. ‘ಒಳಗೆ ಏನೋ ಒಂದು ಬದಲಾಗದೆ ಉಳಿದಿದೆ, ನಾನು ಆಗಲೂ ಹಟಮಾರಿ, ಈಗಲೂ ಹಟಮಾರಿ’ ಅನ್ನುವುದು ಒಂದು. ‘ಅಪ್ಪ ತೀರಿಕೊಂಡರು, ಅದರಿಂದ ಕೆಲಸಕ್ಕೆ ಸೇರಿದೆ, ಅಲ್ಲಿ ಧೈರ್ಯ ಬಂತು’ ಅಂತ ಕಥೆಯಾಗಿ ಜೋಡಿಸುವುದು ಇನ್ನೊಂದು.

ಚಾಂಡ್ಲರ್ ತಂಡ ಇಂಥದ್ದೇ ಪ್ರಶ್ನೆಯನ್ನು ನೂರಾರು ಹದಿಹರೆಯದವರಿಗೆ ಕೇಳಿತ್ತು. ಮೂಲನಿವಾಸಿ ಮಕ್ಕಳು ಹೆಚ್ಚಾಗಿ ಕಥೆಯ ದಾರಿ ಹಿಡಿದರು, ಉಳಿದವರು ಹೆಚ್ಚಾಗಿ ‘ಒಳಗಿನ ಬದಲಾಗದ ನಾನು’ ಅನ್ನುವ ದಾರಿ. ಎರಡೂ ಸರಿಯೇ. ಆದರೆ ಸಾಯುವ ಯೋಚನೆಯಿಂದ ಆಸ್ಪತ್ರೆ ಸೇರಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಯಾವ ದಾರಿಯೂ ಸಿಗಲಿಲ್ಲ. ನಿನ್ನೆಯ ನಾನು, ನಾಳೆಯ ನಾನು ಇಬ್ಬರನ್ನೂ ಕಟ್ಟುವ ದಾರ ಕೈಯಲ್ಲಿರಲಿಲ್ಲ. ನಾಳೆ ಇರುವವನು ನಾನೇ ಅಂತ ಅನಿಸದಿದ್ದರೆ ಅವನಿಗಾಗಿ ಇವತ್ತಿನ ನೋವು ಯಾಕೆ ತಡೆದುಕೊಳ್ಳಬೇಕು?

ಹದಿಹರೆಯದಲ್ಲಿ ಈ ದಾರ ಎಲ್ಲರಿಗೂ ಸಡಿಲವಾಗುತ್ತದೆ. ದೇಹ ಬದಲಾಗುತ್ತದೆ, ಗೆಳೆಯರು ಬದಲಾಗುತ್ತಾರೆ, ನಿನ್ನೆ ಇಷ್ಟವಾಗಿದ್ದು ಇವತ್ತು ಆಗುವುದಿಲ್ಲ. ಆಗ ನಮ್ಮಲ್ಲಿ ಹೆಚ್ಚಿನವರನ್ನು ಹಿಡಿದುಕೊಳ್ಳುವುದು ಹೊರಗಿನ ದಾರ. ನಿನ್ನ ಅಜ್ಜಿ ಹೀಗಿದ್ದಳು, ಈ ಹೊಳೆಗೆ ಈ ಹೆಸರು ಯಾಕೆ ಬಂತು, ನಮ್ಮ ಮನೆಯಲ್ಲಿ ಹೀಗೆ ಮಾಡ್ತೀವಿ. ಕಥೆಯ ದಾರಿ ಹಿಡಿಯುವ ಮಗುವಿಗೆ ಈ ಹೊರಗಿನ ಕಥೆಯೇ ಬೆನ್ನೆಲುಬು. ಆ ಕಥೆ ಅರ್ಧಕ್ಕೆ ಕತ್ತರಿಸಿಹೋಗಿದ್ದರೆ? ಅಜ್ಜಿಯ ಭಾಷೆ ಮೊಮ್ಮಗನಿಗೆ ಬಾರದಿದ್ದರೆ? ಸಮುದಾಯದ ದಾರವೂ ಮಗುವಿನ ದಾರವೂ ಒಂದೇ ಹೊತ್ತಿಗೆ ತುಂಡಾಗುತ್ತವೆ. ಶಾಲೆ ಯಾರ ಕೈಯಲ್ಲಿದೆ ಅನ್ನುವುದು ಇಲ್ಲಿ ಬಂದು ಸೇರುತ್ತದೆ.

ಮತ್ತೆ ‘ಬೆರೆತರೆ ಸರಿಹೋಗುತ್ತೆ’ ಅನ್ನುವ ಮಾತು. ಇದನ್ನು ಪ್ರಯೋಗ ಮಾಡಿ ನೋಡಿಲ್ಲ ಅಂತ ನಿಮ್ಮ ಸಹಪಾಠಿ ಅಂದುಕೊಂಡಿದ್ದಾನೆ. ನೂರು ವರ್ಷಕ್ಕೂ ಜಾಸ್ತಿ ಮಾಡಿದ್ದಾರೆ. ಕೆನಡಾದಲ್ಲಿ 1880ರ ದಶಕದಿಂದ 1990ರ ದಶಕದವರೆಗೆ 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಹಾಕಿದರು. 1920ರಿಂದ ಅದು ಕಡ್ಡಾಯವೂ ಆಯಿತು. ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ಎಷ್ಟೋ ಕಡೆ ನಂಬರ್ ಕೊಟ್ಟರು. ತಮ್ಮ ಭಾಷೆ ಮಾತಾಡಿದರೆ ಹೊಡೆತ. ಅಣ್ಣ-ತಂಗಿ ಒಂದೇ ಶಾಲೆಯಲ್ಲಿದ್ದರೂ ಮಾತಾಡುವಂತಿಲ್ಲ. ಲೈಂಗಿಕ ದೌರ್ಜನ್ಯ ವ್ಯಾಪಕವಾಗಿತ್ತು. ಇದನ್ನು ತನಿಖೆ ಮಾಡಿದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ ವರದಿ ಕೊಟ್ಟಾಗ 3,200 ಮಕ್ಕಳ ಸಾವನ್ನು ಗುರುತಿಸಿತ್ತು. ಆ ನೀತಿಗೆ ಅದು ಕೊಟ್ಟ ಹೆಸರು ‘ಸಾಂಸ್ಕೃತಿಕ ನರಮೇಧ’. ಆಸ್ಟ್ರೇಲಿಯಾದಲ್ಲಿ 1910ರಿಂದ 1970ರವರೆಗೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಬೇರೆ ಮಾಡಿದರು ಅಂತ 1997ರ ವಿಚಾರಣಾ ವರದಿ ಹೇಳಿತು. ಎರಡೂ ದೇಶಗಳ ಪ್ರಧಾನಿಗಳು 2008ರಲ್ಲಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಈ ಶಾಲೆಗಳಿಂದ ಹೊರಬಂದ ಮಕ್ಕಳು ಬಿಳಿಯರ ಸಮಾಜದಲ್ಲಿ ಬೆರೆತರೇ? ಅಲ್ಲಿ ಅವರನ್ನು ಯಾರೂ ಸೇರಿಸಿಕೊಳ್ಳಲಿಲ್ಲ. ಮನೆಗೆ ಬಂದರೆ ಅಮ್ಮನ ಜೊತೆ ಮಾತಾಡಲು ಭಾಷೆ ಇಲ್ಲ. ಇನ್ನೊಂದು ವಿಷಯ ಜನ ಯೋಚಿಸುವುದೇ ಇಲ್ಲ. ಈ ಮಕ್ಕಳು ಅಪ್ಪ-ಅಮ್ಮ ಹೇಗಿರುತ್ತಾರೆ ಅಂತ ನೋಡುತ್ತಾ ಬೆಳೆಯಲಿಲ್ಲ. ಆಮೇಲೆ ಇವರೇ ಅಪ್ಪ-ಅಮ್ಮ ಆದರು. ಕೆನಡಾದ ಸಂಶೋಧಕಿ ಏಮಿ ಬಾಂಬೆ ಮತ್ತು ಸಂಗಡಿಗರ ಕೆಲಸ ತೋರಿಸುವುದೇನೆಂದರೆ, ಶಾಲೆಗೆ ಹೋದವರ ಮಕ್ಕಳಲ್ಲಿ ಖಿನ್ನತೆಯ ಲಕ್ಷಣಗಳು ಹೋಗದವರ ಮಕ್ಕಳಿಗಿಂತ ಜಾಸ್ತಿ. ಅಪ್ಪ-ಅಮ್ಮ, ಅಜ್ಜ-ಅಜ್ಜಿ ಎರಡೂ ತಲೆಮಾರು ಹೋಗಿದ್ದರೆ ಇನ್ನೂ ಜಾಸ್ತಿ.

ಕುಡಿತದ ವಿಷಯ ಬೇಗ ಮುಗಿಸುತ್ತೇನೆ. ‘ಅವರ ರಕ್ತದಲ್ಲೇ ಇದೆ’ ಅನ್ನುವುದು ಹಳೆಯ ಸುಳ್ಳು. ಮೂಲನಿವಾಸಿಗಳಿಗೆ ಅಂತಲೇ ಕುಡಿತದ ಜೀನ್ ಒಂದಿದೆ ಅನ್ನುವುದಕ್ಕೆ ಆಧಾರ ಇಲ್ಲ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ತಿಂಗಳಿಡೀ ಒಂದು ಹನಿಯೂ ಮುಟ್ಟದವರ ಪಾಲು ಬಿಳಿಯರಿಗಿಂತ ಮೂಲನಿವಾಸಿಗಳಲ್ಲೇ ಹೆಚ್ಚು. ಈ ಸುಳ್ಳನ್ನು ನಂಬಿದ ಮೂಲನಿವಾಸಿ ವಿದ್ಯಾರ್ಥಿಗೆ ಕುಡಿತ ಹಿಡಿತದಲ್ಲಿಟ್ಟುಕೊಳ್ಳುವ ವಿಶ್ವಾಸವೇ ಕುಗ್ಗುತ್ತದೆ ಅನ್ನುವುದು ಇದರ ಕೆಟ್ಟ ಭಾಗ.

ಹಾಗಾದರೆ ಗುರುತು ಗಟ್ಟಿಯಾಗಿದ್ದಷ್ಟೂ ಮನಸ್ಸು ಗಟ್ಟಿ ಅಂತ ಬರೆದುಬಿಡಬಹುದಾ? ಬೇಡ. ಇಲ್ಲಿ ಒಂದು ತೊಡಕಿದೆ, ಹೆಚ್ಚಿನ ಲೇಖನಗಳು ಅದನ್ನು ಹಾರಿಸಿಬಿಡುತ್ತವೆ. ಬಾಂಬೆ ತಂಡವೇ 2010ರಲ್ಲಿ ಗುರುತು ಅನ್ನುವುದನ್ನು ಬಿಡಿಸಿ ನೋಡಿತು. ನನ್ನ ಜನರ ಬಗ್ಗೆ ನನಗೆ ಹೆಮ್ಮೆ ಇದೆ ಅನ್ನುವುದು ಒಂದು. ನಾನು ಯಾರು ಅಂತ ಯೋಚಿಸಿದಾಗೆಲ್ಲ ಮೊದಲು ಮನಸ್ಸಿಗೆ ಬರುವುದು ನನ್ನ ಬುಡಕಟ್ಟೇ ಅನ್ನುವುದು ಇನ್ನೊಂದು. ಹೆಮ್ಮೆ ಇದ್ದವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ. ಆದರೆ ಗುರುತು ಸದಾ ಕಣ್ಣ ಮುಂದೆಯೇ ಇರುವವರಿಗೆ ತಾರತಮ್ಯದ ಏಟು ಜಾಸ್ತಿ ನಾಟುತ್ತದೆ. ಇದರಲ್ಲಿ ಆಶ್ಚರ್ಯ ಏನಿದೆ? ಯಾವುದನ್ನು ಎದೆಗೆ ಹತ್ತಿರ ಇಟ್ಟುಕೊಂಡಿದ್ದೇವೋ ಅದನ್ನು ಯಾರಾದರೂ ಹೀಯಾಳಿಸಿದರೆ ನೋವು ಜಾಸ್ತಿಯೇ.

ಆದ್ದರಿಂದ ಮಗುವಿಗೆ ಹೆಮ್ಮೆ ಕಲಿಸಿ, ತರಗತಿಯಲ್ಲಿ ಅದನ್ನು ಹಂಗಿಸುವ ಮಾಸ್ತರರನ್ನು ಹಾಗೇ ಬಿಟ್ಟರೆ ಮಗುವನ್ನು ಕವಚ ಇಲ್ಲದೆ ಯುದ್ಧಕ್ಕೆ ಕಳಿಸಿದ ಹಾಗೆ. ತಾರತಮ್ಯದ ಬಗ್ಗೆ ಮಾತಾಡದೆ ಬರೀ ಗುರುತಿನ ಕಾರ್ಯಕ್ರಮ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಮಾತು ನಿಮಗೆ ಓದಿನಲ್ಲಿ ಸಿಕ್ಕಿರುತ್ತದೆ, ‘ಚಾರಿತ್ರಿಕ ಆಘಾತ’. ಅಮೆರಿಕದ ಲಕೋಟ ಜನಾಂಗದ ಸಮಾಜಕಾರ್ಯ ತಜ್ಞೆ ಮರಿಯಾ ಯೆಲ್ಲೋ ಹಾರ್ಸ್ ಬ್ರೇವ್ ಹಾರ್ಟ್ ಇದನ್ನು ಬೆಳೆಸಿದರು. 1890ರಲ್ಲಿ ಅಮೆರಿಕದ ಸೈನ್ಯ ಲಕೋಟ ಜನರನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡದಂಥ ದುಃಖವನ್ನು ಅಳಲೂ ಬಿಡದೆ ತಲೆಮಾರುಗಳಿಗೆ ಹೊರಿಸಿದ್ದಾರೆ, ಆ ಅಳು ಈಗಲೂ ಬಾಕಿ ಇದೆ ಅನ್ನುವುದು ಅದರ ತಿರುಳು. ಬಹಳ ಜನಕ್ಕೆ ಇದರಿಂದ ಒಂದು ಭಾರ ಇಳಿಯಿತು. ‘ನನ್ನಲ್ಲೇ ಏನೋ ಕೊರತೆ ಇದೆ’ ಅಂದುಕೊಂಡವರಿಗೆ ‘ನಿನಗೆ ಆಗಿದ್ದಿದು’ ಅಂತ ಹೇಳಿದ ಹಾಗಾಯಿತು. ಆದರೆ ಅಮೆರಿಕದ ಆನೀಹ್ ಸಮುದಾಯದವರೇ ಆದ ಮನಶ್ಶಾಸ್ತ್ರಜ್ಞ ಜೋಸೆಫ್ ಗೋನ್ ಇಲ್ಲಿ ಒಂದು ತಕರಾರು ಎತ್ತುತ್ತಾರೆ. ಎಲ್ಲವನ್ನೂ ಆಘಾತ ಅಂತ ಕರೆದರೆ ಭೂಮಿಯ, ಅಧಿಕಾರದ ಪ್ರಶ್ನೆ ಕ್ಲಿನಿಕ್ಕಿನ ಪ್ರಶ್ನೆಯಾಗಿಬಿಡುತ್ತದೆ. ಇಡೀ ಜನಾಂಗಕ್ಕೆ ರೋಗಿಯ ಪಟ್ಟ ಸಿಗುತ್ತದೆ.

ಗೋನ್ ತಮ್ಮ ಸಮುದಾಯದ ನೆಲೆಯಾದ ಮೊಂಟಾನಾದ ಫೋರ್ಟ್ ಬೆಲ್ಕ್‌ನಾಪ್‌ನಲ್ಲಿ ಹಿರಿಯರೊಬ್ಬರನ್ನು ಮಾತಾಡಿಸಿದ್ದರು. ನಿಮ್ಮವರು ಮಾನಸಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕಾ ಅಂತ ಕೇಳಿದಾಗ ಆ ಹಿರಿಯರ ಉತ್ತರದ ಸಾರ ಇಷ್ಟು. ಬಿಳಿಯರ ಹಾಗೆ ಆಗಬೇಕು ಅನ್ನುವವರು ಹೋಗಲಿ. ನನ್ನ ಹಿಂದಿನದನ್ನೆಲ್ಲ ತೊಳೆದುಹಾಕಿ ಅಂತ ಆ ಡಾಕ್ಟರನ್ನು ಕೇಳಿಕೊಳ್ಳಲಿ. ನಾವು ‘ಜನಕ್ಕೆ ಅರಿವಿಲ್ಲ, ಅದಕ್ಕೇ ಕೌನ್ಸೆಲಿಂಗ್‌ಗೆ ಬರುವುದಿಲ್ಲ’ ಅಂತ ವರದಿ ಬರೆಯುತ್ತೇವಲ್ಲ, ಆ ಹಿರಿಯರಿಗೆ ಅರಿವು ಚೆನ್ನಾಗಿಯೇ ಇತ್ತು. ಹಳೆಯ ವಸತಿ ಶಾಲೆಯ ನೆರಳನ್ನು ಅವರು ಕ್ಲಿನಿಕ್ಕಿನಲ್ಲಿ ಕಂಡಿದ್ದರು.

ಈ ಅಪನಂಬಿಕೆಯನ್ನು ದಾಟಿದ ಒಂದು ಕೆಲಸ ಆಸ್ಟ್ರೇಲಿಯಾದ ನಡುಭಾಗದ ಮರುಭೂಮಿಯಲ್ಲಿ ನಡೆದಿದೆ. ಅಲ್ಲಿನ ಸಾಂಪ್ರದಾಯಿಕ ವೈದ್ಯರಿಗೆ ‘ಙಂಕಾರಿ’ ಅನ್ನುತ್ತಾರೆ. ಹೆದರಿಕೆಯಿಂದ ಮನುಷ್ಯನ ಚೈತನ್ಯ ಜಾಗ ತಪ್ಪುತ್ತದೆ, ಅದನ್ನು ಹಿಡಿದು ವಾಪಸ್ ಕೂರಿಸಬೇಕು ಅನ್ನುವುದು ಅವರ ನಂಬಿಕೆ. 2012ರ ಸುಮಾರಿಗೆ ಆ ಭಾಗದ ಮಹಿಳಾ ಮಂಡಳಿ ಈ ವೈದ್ಯರು, ಹಿರಿಯ ಹೆಂಗಸರು, ಮನೋವೈದ್ಯರು ಎಲ್ಲರನ್ನೂ ಒಟ್ಟಿಗೆ ಕೂರಿಸಿತು. ಕೆಲಸ ಒಂದೇ: ಪದಗಳನ್ನು ಹುಡುಕುವುದು. ಡಿಪ್ರೆಶನ್, ಟ್ರಾಮಾ ಅಂದರೆ ನಿಮ್ಮಲ್ಲಿ ಏನು? ನೀವು ಹೇಳುವ ಈ ಸಂಕಟಕ್ಕೆ ನಮ್ಮಲ್ಲಿ ಏನು? ಆ ಯೋಜನೆಗೆ ಇಟ್ಟ ಹೆಸರು ‘ಊಟಿ ಕುಲಿಂಜಕು’, ಅಂದರೆ ಸ್ಪಷ್ಟವಾಗಿ ಯೋಚಿಸಿ ಅರ್ಥ ಮಾಡಿಕೊಳ್ಳುವುದು. ‘ಕುಲಿನಿ’ ಅನ್ನುವ ಒಂದೇ ಪದಕ್ಕೆ ಅವರಲ್ಲಿ ಕೇಳು, ಯೋಚಿಸು, ಅರ್ಥಮಾಡಿಕೊ ಅಂತ ಮೂರೂ ಅರ್ಥ. ಆಮೇಲೆ ಭಾವನೆಗಳ ಪೋಸ್ಟರ್ ಮಾಡಿದರು, ಅವರದೇ ಭಾಷೆಯ ಪದಗಳು, ಅವರದೇ ಚಿತ್ರಗಳು. ಇಲ್ಲಿ ಮನೋವೈದ್ಯರೂ ಶಿಷ್ಯರಾಗಿ ಕೂತಿದ್ದರು ಅನ್ನುವುದೇ ನನಗೆ ಖುಷಿ ಕೊಟ್ಟ ಸಂಗತಿ.

ಪದಗಳು ಯಾಕೆ ಮುಖ್ಯ ಅಂದರೆ, ಅಳತೆ ತಪ್ಪಿದರೆ ರೋಗವೂ ತಪ್ಪಾಗಿ ಕಾಣುತ್ತದೆ. ಖಿನ್ನತೆ ಅಳೆಯಲು ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ ಎಲ್ಲ ಕಡೆ ಬಳಕೆಯಲ್ಲಿದೆ, ನೀವೂ ಬಳಸಿರುತ್ತೀರಿ. ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿ ಗಂಡಸರ ಜೊತೆ ಕೂತು ಅದನ್ನು ಪರೀಕ್ಷಿಸಿದಾಗ, ಅವರು ಹೇಳಿಕೊಂಡ ಸಂಕಟದಲ್ಲಿ ಪಟ್ಟಿಯಲ್ಲಿಲ್ಲದ್ದು ಬಹಳ ಇತ್ತು. ಸಿಟ್ಟು, ಅತಿಯಾದ ಚಿಂತೆ, ಚೈತನ್ಯ ಸೊರಗುವುದು, ಊರಿನ ನೆನಪು ಕಾಡುವುದು. ಪಟ್ಟಿಯನ್ನು ಅವರ ಮಾತಿಗೆ ಹೊಂದಿಸಿ ಹೊಸದಾಗಿ ಮಾಡಿದರು. ಸಿಟ್ಟಿನಲ್ಲಿರುವ ಗಂಡಸನ್ನು ಪೊಲೀಸರು ಎಳೆದೊಯ್ಯುತ್ತಾರೆ, ಬೇಸರದಲ್ಲಿರುವವನನ್ನು ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಇಬ್ಬರಿಗೂ ಒಂದೇ ಕಾಯಿಲೆ ಇರಬಹುದು.

ನ್ಯೂಜಿಲೆಂಡ್‌ನ ಮಾವೋರಿ ಮನೋವೈದ್ಯ ಮೇಸನ್ ಡ್ಯೂರಿ 1980ರ ದಶಕದಲ್ಲಿ ಆರೋಗ್ಯವನ್ನು ನಾಲ್ಕು ಗೋಡೆಯ ಮನೆಗೆ ಹೋಲಿಸಿದ್ದೂ ಇದೇ ಕಾರಣಕ್ಕೆ. ದೇಹ, ಮನಸ್ಸು, ಕುಟುಂಬ, ಆತ್ಮ. ನಾವು ಆಸ್ಪತ್ರೆಯಲ್ಲಿ ಹೆಚ್ಚೆಂದರೆ ಎರಡು ಗೋಡೆ ರಿಪೇರಿ ಮಾಡಿ ಕಳಿಸುತ್ತೇವೆ.

ಕೆಲಸ ಮಾಡಿದ ಉದಾಹರಣೆ ಕೊಡಿ ಅಂತ ಸೆಮಿನಾರ್‌ನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಮೆರಿಕದ ಅರಿಝೋನಾದಲ್ಲಿ ವೈಟ್ ಮೌಂಟನ್ ಅಪಾಚೆ ಸಮುದಾಯ ಇದೆ. 2001ರಲ್ಲಿ ಅಲ್ಲಿನ ಬುಡಕಟ್ಟು ಆಡಳಿತವೇ ಒಂದು ನಿಯಮ ಮಾಡಿತು. ಯಾರಾದರೂ ಸಾಯುವ ಮಾತಾಡಿದರೆ, ಪ್ರಯತ್ನ ಮಾಡಿದರೆ, ತಮ್ಮನ್ನು ತಾವು ನೋಯಿಸಿಕೊಂಡರೆ, ಆ ವಿಷಯ ತಿಳಿದ ಶಾಲೆ, ಆಸ್ಪತ್ರೆ, ಪೊಲೀಸ್ ಎಲ್ಲರೂ ಒಂದು ಕಡೆ ತಿಳಿಸಲೇಬೇಕು. ತಿಳಿಸಿದ ಮೇಲೆ ಏನು? ಅದೇ ಸಮುದಾಯದ, ತರಬೇತಿ ಪಡೆದ ಒಬ್ಬರು ಆ ಮನೆಗೇ ಹೋಗುತ್ತಾರೆ. ಕೂತು ಮಾತಾಡುತ್ತಾರೆ. ಚಿಕಿತ್ಸೆಗೆ ಕರೆದೊಯ್ಯುವ ದಾರಿ ಮಾಡುತ್ತಾರೆ. ಇನ್ನೊಂದು ಕಡೆ ಹಿರಿಯರು ಶಾಲೆಗೆ ಹೋಗಿ ಅಪಾಚೆ ಭಾಷೆ, ಕಥೆ, ನಡವಳಿಕೆ ಹೇಳಿಕೊಡುತ್ತಾರೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ನೆರವು ಇತ್ತು, ಆದರೆ ಯಜಮಾನಿಕೆ ಬುಡಕಟ್ಟಿನದೇ. 2001ರಿಂದ 2006ರವರೆಗೆ ವರ್ಷಕ್ಕೆ ಲಕ್ಷಕ್ಕೆ 40ರಷ್ಟಿದ್ದ ಆತ್ಮಹತ್ಯೆಯ ಪ್ರಮಾಣ 2007ರಿಂದ 2012ರವರೆಗಿನ ಅವಧಿಯಲ್ಲಿ 25ಕ್ಕೆ ಹತ್ತಿರ ಬಂತು, ಅಂದರೆ ಶೇಕಡಾ 38ರಷ್ಟು ಇಳಿಕೆ. ಅದೇ ಹೊತ್ತಿನಲ್ಲಿ ಇಡೀ ಅಮೆರಿಕದಲ್ಲಿ ಪ್ರಮಾಣ ಇಳಿಯಲಿಲ್ಲ.

ಅಲಾಸ್ಕಾದ ಯೂಪಿಕ್ ಜನರದು ಇನ್ನೊಂದು ದಾರಿ. ಅವರ ಕಾರ್ಯಕ್ರಮದ ಹೆಸರು ‘ಕುಂಗಾಸ್ವಿಕ್’, ಹತಾರಗಳ ಪೆಟ್ಟಿಗೆ ಅಂತ ಅರ್ಥ. ಅದರ ಜೀವಾಳ ‘ಸಾಯಬೇಡಿ’ ಅನ್ನುವ ಉಪದೇಶವಲ್ಲ. ಹಿರಿಯರು ಮಕ್ಕಳನ್ನು ಬೇಟೆಗೆ, ಮೀನಿಗೆ ಕರೆದೊಯ್ಯುತ್ತಾರೆ, ಒಟ್ಟಿಗೆ ಕೂತು ಹಳೆಯ ಮಾತು ಹೇಳುತ್ತಾರೆ. ಅಳೆಯುವುದು ಏನನ್ನು ಅಂದರೆ, ಬದುಕಲು ಮಕ್ಕಳಿಗೆ ಎಷ್ಟು ಕಾರಣಗಳಿವೆ ಅಂತ. ಇಂಥ ಚಟುವಟಿಕೆ ಜಾಸ್ತಿ ನಡೆದ ಊರಿನ ಮಕ್ಕಳಲ್ಲಿ ಆ ಕಾರಣಗಳು ಬೆಳೆದವು. ಕುಡಿತದ ಬಗ್ಗೆ ಯೋಚಿಸುವ ರೀತಿಯಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಗೆದ್ದಿದ್ದನ್ನು ಹೇಳುವಾಗ ಇದನ್ನೂ ಹೇಳಿ.

ನೀವು ನಾಳೆ ಕೆಲಸಕ್ಕೆ ಸೇರುವವರು, ಆದ್ದರಿಂದ ಒಂದು ಮಾತು ಬಿಡುವಂತಿಲ್ಲ. ಎದುರು ಕೂತವರು ಸಾಯುವ ಯೋಚನೆ ಇದೆ ಅಂದರೆ ಸಂಸ್ಕೃತಿಯ ಚರ್ಚೆ ಆಮೇಲೆ. ನೇರವಾಗಿ ಕೇಳಿ, ಒಬ್ಬರೇ ಇರಲು ಬಿಡಬೇಡಿ, ವೈದ್ಯರ ಹತ್ತಿರ ಕರೆದೊಯ್ಯಿರಿ. ಔಷಧಿ ಬೇಕಾದವರಿಗೆ ಔಷಧಿಯೇ ಬೇಕು. ‘ಇವರಿಗೆ ಅವರ ಪದ್ಧತಿಯೇ ಸಾಕು’ ಅಂತ ಮಾತ್ರೆ ಕೊಡದೆ ಕಳಿಸುವುದೂ ತಾರತಮ್ಯವೇ, ಸ್ವಲ್ಪ ಸಭ್ಯವಾಗಿ ಕಾಣುತ್ತದೆ ಅಷ್ಟೇ. ಹಾಗೆಯೇ, ಎದುರು ಕೂತ ಹುಡುಗಿಗೆ ತನ್ನ ಬುಡಕಟ್ಟಿನ ಹಾಡು ಬರಲೇಬೇಕು ಅಂತ ಏನೂ ಇಲ್ಲ. ಪಟ್ಟಣದಲ್ಲಿ ಹುಟ್ಟಿರಬಹುದು, ಭಾಷೆ ಬಾರದಿರಬಹುದು, ಅದರ ಬಗ್ಗೆ ಈಗಾಗಲೇ ನಾಚಿಕೆ ಇರಬಹುದು. ‘ನಿಮ್ಮ ಸಂಸ್ಕೃತಿ ಬಗ್ಗೆ ಹೇಳಿ’ ಅಂತ ಶುರು ಮಾಡಿದರೆ ಪರೀಕ್ಷೆ ಕೊಟ್ಟ ಹಾಗಾಗುತ್ತದೆ. ‘ನಿಮ್ಮವರು ಅಂತ ಯಾರನ್ನು ಅಂದುಕೊಳ್ತೀರಿ?’ ಅಂತ ಕೇಳಿ ನೋಡಿ. ಸುಮ್ನೆ ಕೂತು ಕಾಯಿರಿ.

ಸೆಮಿನಾರ್‌ಗೆ ಸ್ಲೈಡ್ ಮಾಡುವುದಾದರೆ ಮೊದಲ ಸ್ಲೈಡಿನಲ್ಲಿ ಸರಾಸರಿ ಹಾಕಬೇಡಿ. ಬ್ರಿಟಿಷ್ ಕೊಲಂಬಿಯಾದ ಸಮುದಾಯಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೆ ಒಂದು ಕಂಬ. ಅರ್ಧಕ್ಕಿಂತ ಹೆಚ್ಚು ಕಡೆ ಕಂಬವೇ ಇರುವುದಿಲ್ಲ. ಒಂದು ನಿಮಿಷ ಯಾರೂ ಮಾತಾಡದಂತೆ ಅದನ್ನು ನೋಡಲು ಬಿಡಿ, ಆಮೇಲೆ ನಿಮ್ಮ ಸಹಪಾಠಿಗೆ ಮೈಕು ಕೊಡಿ.